ಮಳಿ ಬಿದ್ದ ಮ್ಯಾಲ ತತ್ತಿ ಗಟ್ಟಿ ಆಗ್ತಾವ?

"ಆಯಿ, ಈ ತತ್ತಿ ನೋಡಿಲ್ಲೆ. ಸುಮ್ನ ಹಿಡದೀನಿ, ಅಷ್ಟಕ್ಕ ಒಡೀತು."

"ಬ್ಯಾಸಿಗ್ಯಾಗ ಹಂಗ ಇರ್ತಾವ ತಂಗಿ. ಒಂದೆರಡ ಮಳಿ ಬೀಳ್ಲಿ, ತಾವ ಗಟ್ಟಿ ಆಗ್ತಾವು."

ಕೋಳಿ ಸಾಕಿದ ಮನೆಯಲ್ಲಿ ಮೊಮ್ಮಗಳಿಗೂ ಆಯಿಗೂ ಮೇ ತಿಂಗಳಿನಲ್ಲಿ ಇಂಥ ಮಾತು ನಡೆಯುತ್ತದೆ. ಆಯಿ ಹೇಳಿದ್ದನ್ನು ಒಮ್ಮೆ ಯೋಚಿಸಿ ನೋಡಿ. ಮಳೆ ಬೀಳುವುದು ಹೊಲದ ಮೇಲೆ. ತತ್ತಿ ತಯಾರಾಗುವುದು ಕೋಳಿಯ ಹೊಟ್ಟೆಯೊಳಗೆ. ಆಕಾಶದಿಂದ ಬಿದ್ದ ನೀರಿಗೂ ಹೊಟ್ಟೆಯೊಳಗಿನ ಸಿಪ್ಪೆಗೂ ಏನು ಸಂಬಂಧ? ಆಯಿ ಸುಮ್ಮನೆ ಹೇಳಿಬಿಟ್ಟಳೇ? ನನಗೆ ಹಾಗನಿಸುವುದಿಲ್ಲ. ವರ್ಷಾನುಗಟ್ಟಲೆ ದಿನವೂ ಬುಟ್ಟಿಗೆ ಕೈಹಾಕಿ ತತ್ತಿ ತೆಗೆದವರ ಬೆರಳಿಗೆ ಒಂದು ಲೆಕ್ಕ ಇರುತ್ತದೆ. ಆ ಲೆಕ್ಕದ ಹಿಂದಿನ ಕಾರಣ ಹುಡುಕುವುದಷ್ಟೇ ನಮ್ಮ ಕೆಲಸ.

ಈ ಮಾತುಕತೆಯನ್ನು ಲಚ್ಯಾಣದಲ್ಲೇ ಇಟ್ಟುಕೊಳ್ಳೋಣ. ಸೊಲ್ಲಾಪುರದಿಂದ ವಿಜಯಪುರಕ್ಕೆ ರೈಲಿನಲ್ಲಿ ಬಂದವರು ಈ ಊರಿನ ಸ್ಟೇಷನ್ ನೋಡಿರುತ್ತೀರಿ. ಸಿದ್ಧಲಿಂಗ ಮಹಾರಾಜರ ಮಠಕ್ಕೆ ಬಂದವರಿಗಂತೂ ಊರೇ ಪರಿಚಯ. ಇಂಡಿ ತಾಲೂಕಿನ ಎರಿ ನೆಲ, ಬಿಳಿಜೋಳ, ತೊಗರಿ, ಅಲ್ಲಲ್ಲಿ ಲಿಂಬೆ ತೋಟ. ಮನೆಯ ಹಿಂದೆ ಒಂದು ಬೇವಿನ ಗಿಡ, ಅದರಡಿ ಎರಡು ಎತ್ತು, ಒಂದು ಎಮ್ಮೆ, ಮೂರು ಆಡು, ನಾಲ್ಕಾರು ಜವಾರಿ ಕೋಳಿ. ಮೇ ತಿಂಗಳಿನ ಮಧ್ಯಾಹ್ನ ಇಲ್ಲಿ 42 ಡಿಗ್ರಿ ದಾಟಿದರೆ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಕಥೆ ಈ ಬಿಸಿಲಿನದೇ. ಆದರೆ ಮೊದಲು ಸಿಪ್ಪೆ ಯಾವುದರಿಂದ ಆಗಿದೆ ಎಂದು ನೋಡಬೇಕು.

ಅದಕ್ಕೆ ಬೇಕಾದ ಸಾಮಾನು ಇಂಡಿಯ ಮಕ್ಕಳಿಗೆ ಕೈಗೆಟುಕುವಲ್ಲೇ ಇದೆ. ಎರಡು ಲಿಂಬೆಹಣ್ಣು, ಒಂದು ಗಾಜಿನ ಲೋಟ, ಒಡೆದ ತತ್ತಿಯ ಒಂದು ಚೂರು ಸಿಪ್ಪೆ. ಲಿಂಬೆರಸವನ್ನು ಲೋಟಕ್ಕೆ ಹಿಂಡಿ, ಬೀಜ ತೆಗೆದು, ಸಿಪ್ಪೆಯನ್ನು ಅದರೊಳಗೆ ಬಿಡಿ. ಅವಸರ ಮಾಡದೆ ಕಣ್ಣು ಹತ್ತಿರ ತಂದು ನೋಡಿ. ಸ್ವಲ್ಪ ಹೊತ್ತಿಗೆ ಸಿಪ್ಪೆಯ ಮೈತುಂಬ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಒಂದೊಂದೇ ಬಿಡಿಸಿಕೊಂಡು ಮೇಲೆ ಬಂದು ಒಡೆಯುತ್ತವೆ. ಕೆಲವೊಮ್ಮೆ ಗುಳ್ಳೆಗಳ ಬಲಕ್ಕೆ ಸಿಪ್ಪೆಯೇ ಮೇಲೆದ್ದು ತಿರುಗಿ ಕೆಳಗಿಳಿಯುತ್ತದೆ. ರಾತ್ರಿಯಿಡೀ ಹಾಗೇ ಬಿಟ್ಟು, ಮರುದಿನ ಹಳೆಯ ರಸ ಚೆಲ್ಲಿ ಹೊಸದು ಹಾಕಿದರೆ ಸಿಪ್ಪೆ ತೆಳ್ಳಗಾಗುತ್ತಾ ಹೋಗಿ, ಕೊನೆಗೆ ಒಳಗಿನ ಬಿಳಿ ಪೊರೆ ಮಾತ್ರ ಉಳಿಯುತ್ತದೆ.

ಗುಳ್ಳೆಯಲ್ಲಿ ಇದ್ದದ್ದು ಇಂಗಾಲದ ಡೈಆಕ್ಸೈಡ್. ನಾವು ಉಸಿರು ಬಿಟ್ಟಾಗ ಹೊರಗೆ ಬರುವುದೂ ಇದೇ ಅನಿಲ. ಗಟ್ಟಿ ಸಿಪ್ಪೆಯೊಳಗೆ ಗಾಳಿ ಹೇಗೆ ಸೇರಿತು? ಇದನ್ನು ತಿಳಿಯಲು ಇನ್ನೊಂದು ಪ್ರಯೋಗ. ಇದಕ್ಕೆ ದೊಡ್ಡವರೊಬ್ಬರು ಪಕ್ಕದಲ್ಲಿ ಇರಲೇಬೇಕು.

ಮುತ್ಯಾನ ಎಲೆ-ಅಡಿಕೆಯ ಚಂಚಿಯಿಂದ ಕಡಲೆಕಾಳಿನಷ್ಟು ಸುಣ್ಣ ಕೇಳಿ ತೆಗೆದುಕೊಳ್ಳಿ. ಒಂದು ಲೋಟ ನೀರಿನಲ್ಲಿ ಕದಡಿ, ಮುಚ್ಚಿಟ್ಟು, ರಾತ್ರಿ ಕಳೆಯಲಿ. ಬೆಳಿಗ್ಗೆ ತಳಕ್ಕೆ ಬಿಳಿ ಸುಣ್ಣ ಕೂತಿರುತ್ತದೆ, ಮೇಲೆ ತಿಳಿನೀರು ನಿಂತಿರುತ್ತದೆ. ತಿಳಿಯನ್ನಷ್ಟೇ ಮೆಲ್ಲಗೆ ಇನ್ನೊಂದು ಲೋಟಕ್ಕೆ ಬಗ್ಗಿಸಿ, ಒಂದು ಸ್ಟ್ರಾ ಇಟ್ಟು ನಿಧಾನವಾಗಿ ಊದಿ. ಊದುವುದಷ್ಟೇ, ಹೀರಬಾರದು, ಕಣ್ಣಿಗೆ ಸಿಡಿಯಬಾರದು. ನೋಡ್ತಾ ನೋಡ್ತಾ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಸುಣ್ಣದೊಳಗಿನ ಕ್ಯಾಲ್ಸಿಯಂ, ನಿಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಎರಡೂ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಬಿಳಿ ಪುಡಿ ಆಯಿತು. ತತ್ತಿಯ ಸಿಪ್ಪೆಯಲ್ಲಿ ನೂರಕ್ಕೆ 94ರಷ್ಟು ಇರುವುದು ಇದೇ ವಸ್ತು. ಅಂದರೆ ನೀವು ಈಗ ಲೋಟದಲ್ಲಿ ಮಾಡಿದ್ದನ್ನೇ ಕೋಳಿ ತನ್ನ ಹೊಟ್ಟೆಯಲ್ಲಿ ಮಾಡುತ್ತದೆ. ವ್ಯತ್ಯಾಸ ಇಷ್ಟೇ. ಉಸಿರಾಗಿ ಹೊರಗೆ ಹೋಗಬೇಕಾದ ಅನಿಲ ಅದರ ರಕ್ತದಲ್ಲಿ ಕರಗಿ ಬೈಕಾರ್ಬೊನೇಟ್ ರೂಪದಲ್ಲಿ ಓಡಾಡುತ್ತಿರುತ್ತದೆ. ಸಿಪ್ಪೆ ಕಟ್ಟುವ ಜಾಗದಲ್ಲಿ ಅದಕ್ಕೆ ಕ್ಯಾಲ್ಸಿಯಂ ಸಿಗುತ್ತದೆ.

ಕೋಳಿಯ ಹೊಟ್ಟೆಯಲ್ಲಿ ಒಂದು ತತ್ತಿ ಆಗಲು 25 ಗಂಟೆಯ ಆಸುಪಾಸು ಬೇಕು. ಹಳದಿ ಭಂಡಾರ ಬಿಡುಗಡೆಯಾಗಿ, ಅದರ ಸುತ್ತ ಬಿಳಿ ಲೋಳೆ ಸುತ್ತಿಕೊಂಡು, ಪೊರೆ ಬರುವ ಹೊತ್ತಿಗೆ ನಾಲ್ಕೈದು ಗಂಟೆ. ಉಳಿದ 20 ಗಂಟೆ ಬರೀ ಸಿಪ್ಪೆಯ ಕೆಲಸ! ಅದರಲ್ಲೂ ಹೆಚ್ಚಿನ ಪಾಲು ನಡೆಯುವುದು ರಾತ್ರಿ, ಕೋಳಿ ಗೂಡಿನಲ್ಲಿ ಕಣ್ಣು ಮುಚ್ಚಿ ಕೂತಿರುವಾಗ. ಫಾರಂ ಕೋಳಿಯ ಒಂದು ತತ್ತಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ರಾತ್ರಿಯಲ್ಲಿ ಮೇವಿಲ್ಲ, ಹೊಟ್ಟೆಯಲ್ಲಿದ್ದದ್ದು ಸಾಲದೆ ಬಂದರೆ ಏನು ಮಾಡುವುದು? ಕೋಳಿ ತನ್ನ ಕಾಲಿನ ಎಲುಬಿನೊಳಗೆ ಕೂಡಿಟ್ಟ ಕ್ಯಾಲ್ಸಿಯಂ ಕರಗಿಸಿ ರಕ್ತಕ್ಕೆ ಬಿಡುತ್ತದೆ. ತತ್ತಿ ಇಡುವ ಕಾಲ ಬಂದಾಗ ಎಲುಬಿನ ಟೊಳ್ಳಿನಲ್ಲಿ ಇದಕ್ಕೆಂದೇ ಬೇರೊಂದು ಬಗೆಯ ಮೆತ್ತನೆ ಎಲುಬು ಬೆಳೆದಿರುತ್ತದೆ. ಹುಂಜಕ್ಕೆ ಇದಿಲ್ಲ. ಬೇಕಾಗಿಯೂ ಇಲ್ಲ, ಅದರ ಕೆಲಸ ಕೂಗುವುದು.

ಈಗ ಹಿತ್ತಲಿಗೆ ಹೋಗೋಣ. ಮಧ್ಯಾಹ್ನ ಎರಡು ಗಂಟೆ. ಬೇವಿನ ನೆರಳಿನಲ್ಲಿ ಕೋಳಿಗಳು ನಿಂತಿವೆ. ಕೂತಿಲ್ಲ, ನಿಂತಿವೆ. ರೆಕ್ಕೆಗಳನ್ನು ಮೈಗೆ ಒತ್ತಿಕೊಳ್ಳದೆ ಸ್ವಲ್ಪ ಅಗಲಿಸಿ ಕೆಳಗೆ ಬಿಟ್ಟಿವೆ. ರೆಕ್ಕೆಯ ಅಡಿಯಲ್ಲಿ ಪುಕ್ಕ ತೆಳು, ಅಲ್ಲಿಂದ ಮೈಯ ಬಿಸಿ ಹೊರಗೆ ಹೋಗಲಿ ಎಂದು. ಕೆಂಪು ಜುಟ್ಟು, ಗಲ್ಲದ ಕೆಳಗೆ ಜೋತಾಡುವ ಕೆಂಪು ಚರ್ಮ ಎರಡಕ್ಕೂ ರಕ್ತ ಹೆಚ್ಚು ಹರಿದು ಇನ್ನಷ್ಟು ಕೆಂಪಗಾಗಿವೆ. ಕೊಕ್ಕು ತೆರೆದೇ ಇದೆ. ಗಂಟಲು ಪಟಪಟ ಅನ್ನುತ್ತಿದೆ. ತಂಪು ಹೊತ್ತಿನಲ್ಲಿ ನಿಮಿಷಕ್ಕೆ 20-30 ಸಲ ಉಸಿರಾಡುವ ಕೋಳಿ ಇಂಥ ಹೊತ್ತಿನಲ್ಲಿ 150 ದಾಟುತ್ತದೆ. ಎಣಿಸಲು ಹೋಗಿ, ಲೆಕ್ಕ ತಪ್ಪುತ್ತದೆ. ಹತ್ತು ಸೆಕೆಂಡು ಎಣಿಸಿ ಆರರಿಂದ ಗುಣಿಸುವುದು ಸುಲಭ.

ನಮಗೆ ಬೆವರು ಬರುತ್ತದೆ. ಕೋಳಿಗೆ ಬೆವರಿನ ಗ್ರಂಥಿಯೇ ಇಲ್ಲ. ಅದರ ಮೈ ಮೊದಲೇ ನಮಗಿಂತ ಬಿಸಿ, 41ರಿಂದ 42 ಡಿಗ್ರಿ. ನಮ್ಮ ಥರ್ಮಾಮೀಟರಿನಲ್ಲಿ ಅಷ್ಟು ತೋರಿಸಿದರೆ ಮನೆಯವರು ಗಾಬರಿಯಾಗಿ ದವಾಖಾನೆಗೆ ಓಡುತ್ತಾರೆ. ಗಾಳಿ ತಂಪಾಗಿದ್ದರೆ ಮೈಯ ಬಿಸಿ ತಾನಾಗಿ ಗಾಳಿಗೆ ಹೋಗುತ್ತದೆ. ಗಾಳಿಯೇ 42 ಡಿಗ್ರಿ ಆದಾಗ ಆ ದಾರಿ ಬಂದ್. ಉಳಿಯುವುದು ಒಂದೇ ಉಪಾಯ, ನೀರನ್ನು ಆವಿ ಮಾಡುವುದು. ಅಡುಗೆಮನೆಯ ಮೂಲೆಯ ಮಣ್ಣಿನ ಹರವಿಯಲ್ಲಿ ನೀರು ತಂಪಾಗುವುದೂ ಹೀಗೇ. ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಹೋಗುವ ಬಿಸಿ ಎಷ್ಟು ಗೊತ್ತೇ? ಹತ್ತಿರ ಹತ್ತಿರ 58 ಗ್ರಾಂ ನೀರನ್ನು 10 ಡಿಗ್ರಿ ತಂಪು ಮಾಡುವಷ್ಟು. ಕೋಳಿಯ ಗಂಟಲು, ಶ್ವಾಸನಾಳ, ಒಳಗಿನ ಗಾಳಿಚೀಲಗಳು ಎಲ್ಲ ಒದ್ದೆ. ಅವುಗಳ ಮೇಲೆ ಗಾಳಿ ಜೋರಾಗಿ ಓಡಾಡಿದಷ್ಟೂ ನೀರು ಆವಿಯಾಗುತ್ತದೆ, ಮೈ ತಣಿಯುತ್ತದೆ.

ಎಲ್ಲ ಸರಿ. ಆದರೆ ಉಸಿರು ಬಿಟ್ಟಾಗ ಆವಿ ಒಂದೇ ಹೊರಗೆ ಹೋಗುವುದಿಲ್ಲವಲ್ಲ!

ಪ್ರತಿ ಉಸಿರಿನ ಜೊತೆ ಇಂಗಾಲದ ಡೈಆಕ್ಸೈಡ್ ಕೂಡ ಹೋಗುತ್ತದೆ. ತಣ್ಣಗಾಗಲು ಕೋಳಿ ಏದುಸಿರು ಬಿಡುತ್ತಾ ಹೋದ ಹಾಗೆ ರಕ್ತದಲ್ಲಿದ್ದ ಆ ಅನಿಲ ಬರಿದಾಗುತ್ತದೆ. ಸಿಪ್ಪೆಗೆ ಬೇಕಾದ ಎರಡು ಸಾಮಾನಿನಲ್ಲಿ ಒಂದು ಬಾಯಿಂದಲೇ ಹಾರಿಹೋಯಿತು. ಇನ್ನೊಂದರ ಗತಿ? ಅನಿಲ ಕಡಿಮೆಯಾದಾಗ ರಕ್ತದ ಆಮ್ಲತೆ ತಗ್ಗುತ್ತದೆ. ಆಗ ರಕ್ತದಲ್ಲಿ ಬಿಡಿಬಿಡಿಯಾಗಿ ಓಡಾಡುತ್ತಿದ್ದ ಕ್ಯಾಲ್ಸಿಯಂ ಹೋಗಿ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಸಿಪ್ಪೆ ಕಟ್ಟುವ ಜಾಗಕ್ಕೆ ಸುಲಭವಾಗಿ ಸಿಗುವುದಿಲ್ಲ. ಸಾಲದ್ದಕ್ಕೆ, ಸೆಕೆಯಲ್ಲಿ ಕೋಳಿ ಕಾಳು ತಿನ್ನುವುದೂ ಕಡಿಮೆ. ತಿಂದದ್ದು ಅರಗುವಾಗ ಮೈಯೊಳಗೆ ಬಿಸಿ ಹುಟ್ಟುತ್ತದೆ, ಅದು ಬೇಡ ಎಂದು ಅದರ ಮೈಗೇ ಗೊತ್ತು. ಕಾಳು ಕಡಿಮೆ ತಿಂದರೆ ಕ್ಯಾಲ್ಸಿಯಂ ಕಡಿಮೆ. ಎಲ್ಲ ಕೂಡಿ ಸಿಪ್ಪೆ ತೆಳು.

ಆಯಿ ಹೇಳಿದ್ದು ಸರಿ ಇತ್ತು, ನೋಡಿ. ಮಳೆ ಬಿದ್ದರೆ ಬಿಸಿಲು ಇಳಿಯುತ್ತದೆ, ಕೋಳಿ ಕೊಕ್ಕು ಮುಚ್ಚುತ್ತದೆ, ಅನಿಲ ರಕ್ತದಲ್ಲಿ ಉಳಿಯುತ್ತದೆ, ಕಾಳೂ ಹೊಟ್ಟೆ ತುಂಬ ತಿನ್ನುತ್ತದೆ. ಅಮೆರಿಕದ ಕೆಲವು ಸಂಶೋಧಕರಿಗೆ ಒಂದು ತಮಾಷೆಯ ಉಪಾಯ ಹೊಳೆದಿತ್ತು. ಅನಿಲ ಬಾಯಿಂದ ಹೋಗುತ್ತಿದ್ದರೆ ಬಾಯಿಂದಲೇ ವಾಪಸು ಕೊಟ್ಟರೆ? ಬೇಸಿಗೆಯಲ್ಲಿ ಕೋಳಿಗಳಿಗೆ ಸೋಡಾ ನೀರು ಕುಡಿಸಿ ನೋಡಿದರು. ಸಿಪ್ಪೆ ಸುಧಾರಿಸಿತು. ಹಾಗಂತ ಗೋಲಿ ಸೋಡಾ ತಂದು ಪರಾತಕ್ಕೆ ಸುರಿಯಬೇಡಿ. ಅದು ತತ್ತಿಗಿಂತ ತುಟ್ಟಿ.

ಒಂದು ಮಾತು ಸೇರಿಸಬೇಕು. ಜವಾರಿ ಕೋಳಿ ವರ್ಷಕ್ಕೆ 60-80 ತತ್ತಿ ಇಟ್ಟು, ನಡುನಡುವೆ ಕಾವಿಗೆ ಕೂತು ಸುಧಾರಿಸಿಕೊಳ್ಳುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಹಳ್ಳಿ ಮನೆಗಳಿಗೆಂದೇ ಬೆಳೆಸಿದ ಗಿರಿರಾಜ 130-150 ಇಡುತ್ತದೆ. ಫಾರಂನ ತತ್ತಿ ಕೋಳಿ 300 ದಾಟುತ್ತದೆ. ಹೆಚ್ಚು ಇಡುವ ಕೋಳಿಗೆ ಬಿಸಿಲಿನ ಹೊಡೆತವೂ ಹೆಚ್ಚು. ಜವಾರಿ ಕೋಳಿ ಮೇ ತಿಂಗಳಿನಲ್ಲಿ ಅನೇಕ ಸಲ ಇಡುವುದನ್ನೇ ನಿಲ್ಲಿಸುತ್ತದೆ. ಜಾಣತನ ಅಂದರೆ ಇದೇ ಇರಬೇಕು.

ಅದೇ ನೆರಳಿನಲ್ಲಿ ಕಟ್ಟಿದ ಉಳಿದವರನ್ನೂ ನೋಡಿ. ಖಿಲಾರಿ ಎತ್ತು ಅರ್ಧ ಕಣ್ಣು ಮುಚ್ಚಿ ಮೆಲುಕು ಹಾಕುತ್ತಾ ನಿಂತಿದೆ, ಇಷ್ಟು ಬಿಸಿಲು ತನಗೆ ಸಂಬಂಧವೇ ಇಲ್ಲ ಎನ್ನುವ ಹಾಗೆ. ಮೈಬಣ್ಣ ಬಿಳಿಬೂದು, ಬಿಸಿಲು ಬಿದ್ದದ್ದರಲ್ಲಿ ಬಹುಪಾಲು ಹಿಂದಕ್ಕೆ ಹೋಗುತ್ತದೆ. ಕೂದಲು ಗಿಡ್ಡ. ಡುಬ್ಬ ಇರುವ ನಮ್ಮ ದೇಶಿ ದನಗಳಿಗೆ ಬೆವರಿನ ಗ್ರಂಥಿಗಳೂ ಚೆನ್ನಾಗಿವೆ. ಕೊರಳಡಿಯ ಗಂಗೆದೊಗಲು ಸೇರಿ ಮೈಯ ಚರ್ಮದ ಹರವು ದೊಡ್ಡದು. ಭೀಮಾ ತೀರದಿಂದ ಸೊಲ್ಲಾಪುರ, ಸಾಂಗಲಿಯವರೆಗೆ ಈ ತಳಿಯನ್ನೇ ಜನ ಉಳುಮೆಗೆ ಹಿಡಿದುಕೊಂಡು ಬಂದದ್ದಕ್ಕೆ ಕಾರಣ ಇದೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಹೋದವರು ಸಾಲುಗಟ್ಟಿ ನಿಂತ ಖಿಲಾರಿ ಹೋರಿಗಳನ್ನು ನೋಡಿರುತ್ತೀರಿ.

ಎಮ್ಮೆಯ ಪಾಡು ಬೇರೆ. ಮೈ ಕಪ್ಪು, ಬಿಸಿಲೆಲ್ಲ ಹೀರಿಕೊಳ್ಳುತ್ತದೆ. ಕೂದಲು ವಿರಳ, ತಡೆಯುವವರಿಲ್ಲ. ಬೆವರಿನ ಗ್ರಂಥಿ ಆಕಳಿಗಿಂತ ಎಷ್ಟೋ ಕಡಿಮೆ. ಹಾಗಾಗಿ ಎಮ್ಮೆ ತನ್ನ ಬೆವರನ್ನು ಹೊರಗಿನಿಂದ ತರಬೇಕು, ಹೊಂಡದಿಂದ, ಹಳ್ಳದಿಂದ. ನೀರು ಕಂಡರೆ ಎಮ್ಮೆ ಹಗ್ಗ ಜಗ್ಗಿಕೊಂಡು ಓಡುವುದು ಹಟಕ್ಕಲ್ಲ. ನೀರಿಗಿಂತ ಕೆಸರು ಅದಕ್ಕೆ ಇಷ್ಟ. ಬರೀ ನೀರು ಬೇಗ ಆರುತ್ತದೆ. ಮೈಗೆ ಮೆತ್ತಿದ ಕೆಸರು ನಿಧಾನ ಒಣಗುತ್ತಾ ಬಹಳ ಹೊತ್ತು ತಂಪು ಕೊಡುತ್ತದೆ, ನೊಣ ಕಚ್ಚಲೂ ಬಿಡುವುದಿಲ್ಲ. ಮೇ ಬರುವ ಹೊತ್ತಿಗೆ ಹಳ್ಳ ಒಣಗಿರುತ್ತದೆ. ಆಗ ಮುತ್ಯಾ ಬಾನಿಯಿಂದ ನೀರು ಮೊಗೆದು ಎಮ್ಮೆಯ ಬೆನ್ನಿಗೆ ಸುರಿಯುತ್ತಾನೆ. "ಹಾಲ ಕಡಿಮಿ ಆಗ್ಬಾರ್ದಲ್ಲೋ" ಅನ್ನುತ್ತಾನೆ. ಸರಿಯೇ. ಮೈ ಕಾದ ಎಮ್ಮೆ ಮೇವು ಬಿಡುತ್ತದೆ, ಮೇವು ಬಿಟ್ಟರೆ ಹಾಲು ಇಳಿಯುತ್ತದೆ.

ಆಡುಗಳ ಬಗ್ಗೆ ಚಿಂತೆ ಬೇಡ, ಕಡಿಮೆ ನೀರಿನಲ್ಲಿ ದಿನ ದೂಡುವುದರಲ್ಲಿ ಅವು ಗಟ್ಟಿಗರು. ಕುರಿ ಹಿಂಡು ದಾರಿಯಲ್ಲಿ ಸಿಕ್ಕರೆ ಮಾತ್ರ ನಿಂತು ನೋಡಿ. ನಡುಮಧ್ಯಾಹ್ನ ಗಿಡದ ನೆರಳು ಸಿಗದಿದ್ದಾಗ ಅವು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿಕೊಂಡು ಗುಂಪಾಗಿ ನಿಲ್ಲುತ್ತವೆ. ಪಕ್ಕದವನ ಮೈಯೇ ನೆರಳು. ತಲೆ ಒಂದು ತಂಪಾಗಿದ್ದರೆ ಸಾಕು ಅನ್ನುವ ಲೆಕ್ಕ.

ಲಚ್ಯಾಣದ ಬಿಸಿಲಿಗೆ ಒಂದು ಒಳ್ಳೆಯ ಗುಣವೂ ಇದೆ, ಅದು ಒಣ ಬಿಸಿಲು. ಗಾಳಿಯಲ್ಲಿ ತೇವ ಕಡಿಮೆ ಇರುವುದರಿಂದ ನೀರು ಬೇಗ ಆವಿಯಾಗುತ್ತದೆ. ಮಂಗಳೂರಿನಲ್ಲಿ ಥರ್ಮಾಮೀಟರು 35 ತೋರಿಸಿದರೂ ಅಲ್ಲಿನ ಗಾಳಿ ಮೊದಲೇ ತೇವದಿಂದ ತುಂಬಿರುತ್ತದೆ. ಕೋಳಿ ಎಷ್ಟು ಏದುಸಿರು ಬಿಟ್ಟರೂ ಆವಿ ಹೋಗಲು ಜಾಗವಿಲ್ಲ. ನಮ್ಮಲ್ಲಿ ಅಂಥ ದಿನ ಬರುವುದು ಮೇ ಕೊನೆಗೆ, ಮೋಡ ಕಟ್ಟಿ ಮಳೆ ಬಾರದೆ ಧಗೆ ಏರುವ ಸಂಜೆಗಳಲ್ಲಿ. ಬಿಸಿಲು ಕಡಿಮೆ ಆಯಿತೆಂದು ನಾವು ಸಮಾಧಾನ ಪಟ್ಟುಕೊಳ್ಳುವ ಆ ಹೊತ್ತಿನಲ್ಲೇ ಕೋಳಿಗೆ ಕಷ್ಟ ಜಾಸ್ತಿ. ಆಗ ಗೂಡಿನ ಬಾಗಿಲು ತೆಗೆದು ಗಾಳಿಯಾಡಲು ಬಿಡಬೇಕು. ಗೂಡಿನೊಳಗೆ ನೀರು ಚಿಮುಕಿಸಿದರೆ ತೇವ ಇನ್ನೂ ಹೆಚ್ಚಾಗುತ್ತದೆ.

ಬೇಸಿಗೆಯಲ್ಲಿ ಕೋಳಿಯನ್ನು ಕಾವಿಗೆ ಕೂಡಿಸಬೇಡಿ ಎಂದು ಹಿರಿಯರು ಹೇಳುವುದಕ್ಕೂ ಬಿಸಿಲೇ ಕಾರಣ. ಮರಿ ಬೆಳೆಯಲು 37.5 ಡಿಗ್ರಿಯ ಆಸುಪಾಸಿನ ಕಾವು 21 ದಿನ ಬೇಕು. ಮೇ ತಿಂಗಳಿನಲ್ಲಿ ಕಾವು ಸಾಲದು ಎಂಬ ಭಯವಿಲ್ಲ, ಮೀರುತ್ತದೆ ಎಂಬುದೇ ಭಯ. ಬುಟ್ಟಿಯಲ್ಲಿ ಕೂಡಿಟ್ಟ ತತ್ತಿಯ ಕಥೆಯೂ ಅಷ್ಟೇ. ಹುಂಜ ಇರುವ ಮನೆಯ ತತ್ತಿಯಲ್ಲಿ 21 ಡಿಗ್ರಿ ದಾಟಿದರೆ ಜೀವ ಮೆಲ್ಲಗೆ ಬೆಳೆಯಲು ಶುರು ಮಾಡುತ್ತದೆ. ಕೋಳಿ ಕೂಡದಿದ್ದರೂ ಸರಿ. ಅರ್ಧಂಬರ್ಧ ಬೆಳೆದು ಸಾಯುತ್ತದೆ, ಒಡೆದಾಗ ಹಳದಿಯ ಮೇಲೆ ಕೆಂಪು ಎಳೆ ಕಾಣುತ್ತದೆ. ಅದಕ್ಕೇ ತತ್ತಿ ಬುಟ್ಟಿಯನ್ನು ಹರವಿಯ ಪಕ್ಕದ ಒದ್ದೆ ಮರಳಿನ ಮೇಲೆ ಇಡುವುದು.

ಕೋಳಿಗೆ ನಾವೇನು ಮಾಡಬಹುದು? ಕಾಳನ್ನು ನಸುಕಿನಲ್ಲೇ ಹಾಕಿ, ಮಧ್ಯಾಹ್ನ ಬೇಡ. ನೀರಿನ ಪರಾತ ನೆರಳಿನಲ್ಲಿರಲಿ, ಬಿಸಿಯಾದಾಗಲೆಲ್ಲ ಬದಲಿಸಿ. ತಂಪು ಕಾಲದಲ್ಲಿ ಕುಡಿಯುವುದಕ್ಕಿಂತ ಎರಡು ಪಟ್ಟು, ಅದಕ್ಕೂ ಹೆಚ್ಚು ಕುಡಿಯುತ್ತದೆ. ಸಂಜೆಗೆ ಸುಣ್ಣದಕಲ್ಲಿನ ಹರಳು ಕೊಡಿ, ಇಲ್ಲವೇ ಅಡುಗೆಮನೆಯಲ್ಲಿ ಉಳಿದ ತತ್ತಿ ಸಿಪ್ಪೆಯನ್ನೇ ತೊಳೆದು, ಹಂಚಿನ ಮೇಲೆ ಹುರಿದು, ಜೋಳದ ನುಚ್ಚಿನಷ್ಟು ದಪ್ಪ ಕುಟ್ಟಿ ಹಾಕಿ. ಇಡಿಯಾಗಿ ಹಾಕಿದರೆ ಕೋಳಿ ತತ್ತಿ ಕುಕ್ಕಿ ತಿನ್ನುವ ಚಟ ಕಲಿಯುತ್ತದೆ. ನುಣ್ಣಗೆ ಪುಡಿ ಮಾಡಿದರೆ ಬೇಗ ಕರಗಿ ಹೋಗುತ್ತದೆ. ದಪ್ಪ ಹರಳು ಮಾತ್ರ ಹಲ್ಲಿಲ್ಲದ ಕೋಳಿ ಕಾಳು ಅರೆಯುವ ಹೊಟ್ಟೆಯ ಗಟ್ಟಿ ಚೀಲದಲ್ಲಿ ನಿಂತು, ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಸಿಪ್ಪೆ ಕಟ್ಟುವ ಕೆಲಸ ನಡೆಯುವುದು ರಾತ್ರಿಯಲ್ಲೇ ಅಲ್ಲವೇ, ಎಲುಬು ಕರಗಿಸುವ ಪ್ರಸಂಗ ಅಷ್ಟು ಕಡಿಮೆ.

ಇಷ್ಟು ಓದಿದ ಮೇಲೂ ಆಯಿಯ ಮಾತನ್ನು ನಂಬದೆ ನೀವೇ ತೂಗಿ ನೋಡಬಹುದು. ನಂಬದಿದ್ದರೆ ನನಗೆ ಇನ್ನೂ ಖುಷಿ. ಮೇ ತಿಂಗಳಿನಲ್ಲಿ ಒಡೆದ ಹತ್ತು ತತ್ತಿಯ ಸಿಪ್ಪೆ ತೊಳೆದು ಒಣಗಿಸಿ, ಒಂದು ಡಬ್ಬಿಗೆ ಹಾಕಿ ಮೇಲೆ ತಾರೀಖು ಬರೆದಿಡಿ. ಆಗಸ್ಟಿನಲ್ಲಿ ಇನ್ನೊಂದು ಹತ್ತು. ಕಿರಾಣಿ ಅಂಗಡಿಯ ತಕ್ಕಡಿಗೆ ಇಷ್ಟು ಸಣ್ಣ ವ್ಯತ್ಯಾಸ ಗೊತ್ತಾಗುವುದಿಲ್ಲ, ಬಂಗಾರ ತೂಗುವ ಪತ್ತಾರರ ತಕ್ಕಡಿ ಬೇಕು. ಕೇಳಿದರೆ ನಗುತ್ತಾರೆ, ಆದರೆ ತೂಗಿ ಕೊಡುತ್ತಾರೆ. ಎರಡೂ ಸಲ ಅದೇ ಕೋಳಿಗಳ ತತ್ತಿ ಇರಲಿ. ಒಂದು ಸಲ ಜವಾರಿ, ಇನ್ನೊಂದು ಸಲ ಅಂಗಡಿಯ ಫಾರಂ ತತ್ತಿ ಆದರೆ ಲೆಕ್ಕ ಕೆಡುತ್ತದೆ. ಕೋಳಿಗೆ ವಯಸ್ಸಾದಂತೆಯೂ ಸಿಪ್ಪೆ ತೆಳ್ಳಗಾಗುತ್ತದೆ, ಆದ್ದರಿಂದ ಎಳೆಯ ಕೋಳಿಯ ತತ್ತಿ ಬೇರೆ, ಹಳೆಯ ಕೋಳಿಯದು ಬೇರೆ ಡಬ್ಬಿಗೆ ಹೋಗಲಿ. ಕುತ್ತಿಗೆಯ ಮೇಲೆ ಪುಕ್ಕವೇ ಇಲ್ಲದ ಬೋಳು ಕತ್ತಿನ ಕೋಳಿ ನಿಮ್ಮ ಓಣಿಯಲ್ಲಿ ಇದ್ದರೆ ಅದರ ತತ್ತಿಗೆ ಮೂರನೇ ಡಬ್ಬಿ ಇಡಿ. ಆ ಬೋಳು ಕತ್ತಿನಿಂದ ಮೈಯ ಬಿಸಿ ಸಲೀಸಾಗಿ ಹೊರಗೆ ಹೋಗುತ್ತದೆ. ಅದು ಬೇರೆಯವಕ್ಕಿಂತ ತಡವಾಗಿ ಕೊಕ್ಕು ತೆರೆಯುತ್ತದೆಯೇ, ಅದರ ಮೇ ತಿಂಗಳಿನ ಸಿಪ್ಪೆ ಎಷ್ಟು ತೂಗುತ್ತದೆ, ಬರೆದಿಟ್ಟುಕೊಳ್ಳಿ.